ಬೇಗ ಬರುವವಳು

ಕತ್ತರಿ ಮೊಂಡಾಗಿತ್ತು. ಅಸ್ಮಾ ಒಂದು ಸಲ ಒತ್ತಿದಳು, ಇನ್ನೊಂದು ಸಲ ಒತ್ತಿದಳು. ಕೆಂಪು ರಿಬ್ಬನ್ನು ಅಲಗುಗಳ ನಡುವೆ ಆರಾಮಾಗಿ ಮಡಚಿಕೊಂಡು ಮಲಗಿತೇ ಹೊರತು ತುಂಡಾಗಲಿಲ್ಲ. ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಎದುರಿಗೆ ಕೇಬಲ್ ನಿಂಗಯ್ಯ ಹೊಸದಾಗಿ ತೆರೆದಿದ್ದ ಮೊಬೈಲ್ ಅಂಗಡಿಯ ಮುಂದೆ ಒಂದಷ್ಟು ಜನ ಚಪ್ಪಾಳೆ ತಟ್ಟಲೆಂದು ಎರಡೂ ಕೈ ಎತ್ತಿಕೊಂಡು ನಿಂತಿದ್ದರು, ಎತ್ತಿದ ಕೈಯನ್ನು ಇಳಿಸುವುದೋ ಹಾಗೇ ಇಟ್ಟುಕೊಳ್ಳುವುದೋ ತಿಳಿಯದೆ. ದರ್ಜಿಯ ಮಗಳಾಗಿ ಒಂದು ರಿಬ್ಬನ್ನು ಕತ್ತರಿಸಲಾಗಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಚಾಮರಾಜನಗರದಲ್ಲಿ ಅವಳ ಅಬ್ಬಾ ಗೌಸ್ ಮೊಹಿದ್ದೀನ್ ಅವಳಿಗೆ ಬುದ್ಧಿ ತಿಳಿದಾಗಿನಿಂದ ಬಟ್ಟೆ ಕತ್ತರಿಸುತ್ತಲೇ ಇದ್ದಾರೆ. ಈ ಕತ್ತರಿಯನ್ನು ಅವರು ನೋಡಿದ್ದರೆ ಮೊದಲು ನಿಂಗಯ್ಯನಿಗೆ ಎರಡು ಮಾತು ಬೈದು, ಆಮೇಲೆ ಸಾಣೆ ಹಿಡಿಸಿ ತಂದು, ಆಮೇಲೆ ಉದ್ಘಾಟನೆ ಮಾಡಿಸುತ್ತಿದ್ದರು. ಕೊನೆಗೆ ನಿಂಗಯ್ಯನೇ ಬಾಗಿಲ ಪಕ್ಕ ಸರಿದು ರಿಬ್ಬನ್ನಿನ ಗಂಟನ್ನು ಗುಟ್ಟಾಗಿ ಬಿಚ್ಚಿದ. ರಿಬ್ಬನ್ನು ಬಿತ್ತು, ಚಪ್ಪಾಳೆಯೂ ಬಿತ್ತು. ತಾನು ಮಾಡದ ಕೆಲಸಕ್ಕೆ ಸಿಕ್ಕ ಆ ಚಪ್ಪಾಳೆಯನ್ನು ಅಸ್ಮಾ ನಗುಮುಖದಿಂದಲೇ ತೆಗೆದುಕೊಂಡಳು. ಅಂಥ ಚಪ್ಪಾಳೆ ಅವಳಿಗೆ ಹೊಸದೇನೂ ಆಗಿರಲಿಲ್ಲ.

ಅಂಗಡಿಯೊಳಗೆ ಟಿವಿ ಹಚ್ಚಿಟ್ಟಿದ್ದರು. ಅದರಲ್ಲೂ ಅವಳೇ. ‘ಗಡಿಸೀಮೆ’ ಎಂಬುದು ಗುರುಪಾದಸ್ವಾಮಿಯವರ ಚಾನೆಲ್ಲು. ಚಾನೆಲ್ಲು ಅನ್ನುವುದಕ್ಕಿಂತ ಅವರ ಕೇಬಲ್ ವ್ಯಾಪಾರಕ್ಕೆ ಅಂಟಿಕೊಂಡ ಒಂದು ಬಾಲ ಅನ್ನಬಹುದು. ಚಾಮರಾಜನಗರದಲ್ಲಿ ಅವರ ಅರಿಶಿನ ಮಂಡಿಯ ಮೇಲಿನ ಮಹಡಿಯಲ್ಲಿ ದಿನಾ ಸಂಜೆ ವಾರ್ತೆ ರೆಕಾರ್ಡ್ ಆಗಿ ರಾತ್ರಿ ಊರಿನ ಮನೆಮನೆಗೆ ಬರುತ್ತದೆ. ಅದನ್ನೇ ಸಿಡಿಗೆ ಹಾಕಿ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಗುಂಡ್ಲುಪೇಟೆಗೆ ಮಾರನೆಯ ದಿನ ತಲುಪುತ್ತದೆ. ಬಸ್ಸು ಕೆಟ್ಟು ನಿಂತರೆ ಅದರ ಮಾರನೆಯ ದಿನ. ಹಾಗಾಗಿ ವಾರ್ತೆಯಲ್ಲಿ ‘ಇಂದು’, ‘ನಿನ್ನೆ’, ‘ನಾಳೆ’ ಎಂಬ ಮಾತುಗಳು ಬರಕೂಡದೆಂದು ಗುರುಪಾದಸ್ವಾಮಿ ಕಟ್ಟಪ್ಪಣೆ ಮಾಡಿದ್ದರು. ಬೀದಿ ಹಂದಿಗಳನ್ನು ಹಿಡಿಯುವ ಬಗ್ಗೆ ಸಭೆ ನಡೆಯಿತು, ಅಷ್ಟೆ. ಯಾವತ್ತು ಅಂತ ಯಾರೂ ಕೇಳಬಾರದು. ಟಿವಿಯೊಳಗಿನ ಅಸ್ಮಾ ಹಂದಿಗಳ ಬಗ್ಗೆ ಬಹಳ ಗಂಭೀರವಾಗಿ, ಒಂದಕ್ಷರವೂ ಜಾರದ ಹಾಗೆ ಓದುತ್ತಿದ್ದಳು. ಮನೆಯಲ್ಲಿ ಉರ್ದು ಮಾತಾಡುವ ಹುಡುಗಿಯ ಕನ್ನಡ ನೋಡಿ, ನೋಡಿ ಕಲೀರಿ ಎಂದು ಗುರುಪಾದಸ್ವಾಮಿ ಸ್ಟುಡಿಯೋಕ್ಕೆ ಬಂದ ಗಣ್ಯರಿಗೆಲ್ಲ ಅವಳನ್ನು ತೋರಿಸುತ್ತಿದ್ದರು. ಹೊಸದಾಗಿ ಕೊಂಡ ಎಮ್ಮೆಯನ್ನು ನೆಂಟರಿಗೆ ತೋರಿಸುವ ಹಾಗೆ ಎಂದು ಒಂದು ದಿನ ಅವಳಿಗೆ ಅನ್ನಿಸಿತ್ತು, ಹಾಗೆ ಅನ್ನಿಸಿದ್ದಕ್ಕೆ ನಗುವೂ ಬಂದಿತ್ತು. ಆದರೆ ಎಮ್ಮೆಗೂ ಸ್ವಲ್ಪ ಹೆಮ್ಮೆಯಾಗುತ್ತಿತ್ತು ಎಂಬುದು ನಿಜ.

ಹಂದಿ ಮುಗಿದು, ಅರಿಶಿನದ ಧಾರಣೆ ಮುಗಿದು, ನಿಧನ ವಾರ್ತೆ ಬಂತು. ಹೂಮಾಲೆಯ ಚೌಕಟ್ಟಿನೊಳಗೆ ಯಾರದೋ ಪುಟ್ಟ ಫೋಟೋ, ಅದರ ಹಿಂದಿನಿಂದ ಮಂಗಳಗೌರಿಯ ದನಿ. ಉಡಿಗಾಲದ ಮಂಗಳಗೌರಿ ಚಾನೆಲ್ಲಿನ ಇನ್ನೊಬ್ಬ ವಾರ್ತಾವಾಚಕಿ. ಅವಳ ಮುಖವನ್ನು ಈಗ ಯಾರಿಗೂ ತೋರಿಸುವುದಿಲ್ಲ. ಅಷ್ಟು ಹೊತ್ತು ಬಾಳೆಹಣ್ಣು ಸುಲಿಯುತ್ತ ಸಿಮ್ ಕಾರ್ಡಿನ ರೇಟು ಕೇಳುತ್ತಿದ್ದ ಜನ ಸುಮ್ಮನಾದದ್ದನ್ನು ಅಸ್ಮಾ ಗಮನಿಸಿದಳು. ಯಾರೋ ತಲೆಯ ಟವಲ್ಲನ್ನೂ ತೆಗೆದರು. ತಾನು ಹಂದಿಗಳಿಗೆ ಕೊಟ್ಟ ಗಾಂಭೀರ್ಯ ಯಾರಿಗೂ ಬೇಕಾಗಿರಲಿಲ್ಲವೆಂದು ಅವಳ ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ಸತ್ತವರ ಸುದ್ದಿಯ ಮೇಲೂ ಹೊಟ್ಟೆಕಿಚ್ಚು ಪಡುವವಳಾದೆನಲ್ಲ ಎಂದು ಆ ಉರಿಯ ಹಿಂದೆಯೇ ನಾಚಿಕೆಯೂ ಬಂತು. ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು, ನಿಂಗಯ್ಯ ರಾಚಮ್ಮ ಎಂದು ಕರೆಯುತ್ತಿದ್ದವಳು, ಅಸ್ಮಾಳ ದುಪಟ್ಟದ ಅಂಚು ಹಿಡಿದು ಎಳೆದಳು.

“ನಮ್ಮೆಜಮಾನ್ರು ತೀರ್ಕಂಡಾಗ ಆ ಎಣ್ಮಗನೇ ಓದಿದ್ದು ಕಣವ್ವ. ಅವ್ರ ಎಸ್ರ ನಾನು ಒಂದಿನ ಬಾಯ್ಬುಟ್ಟು ಯೋಳ್ದೋಳಲ್ಲ. ಆ ಮಗ ಯೋಳ್ದಾಗ ನಾನೇ ಯೋಳ್ದಂಗಾಯ್ತು. ಅದ್ರ ಮಖ ಯಾಕವ್ವ ತೋರ್ಸಲ್ಲ?”

ಅವಳಿಗೆ ಕ್ಯಾಮೆರಾ ಅಂದರೆ ಭಯ ಅಜ್ಜಿ, ಎಂದಳು ಅಸ್ಮಾ. ಎಷ್ಟು ಸಲೀಸಾಗಿ ಬಂತು ಸುಳ್ಳು, ಹಂದಿಯ ಸುದ್ದಿಗಿಂತ ಸಲೀಸಾಗಿ. ರಾಚಮ್ಮ ಅದನ್ನು ನಂಬಿ, ಪಾಪ ಎಂದು ಲೊಚಗುಟ್ಟಿದಳು. ನಂಬದೆ ಇನ್ನೊಂದು ಪ್ರಶ್ನೆ ಕೇಳಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ನಿಂಗಯ್ಯ ಒಂದು ಚಿಪ್ಪು ಬಾಳೆಹಣ್ಣು ತಂದು ಕೈಗಿಟ್ಟು, ಸ್ವಾಮಿಯವರು ಫೋನ್ ಮಾಡಿದ್ದರೆಂದೂ, ಮಧ್ಯಾಹ್ನ ಏನೋ ಮೀಟಿಂಗ್ ಅದಂತೆ ಎಂದೂ, ಮೇಡಮ್ಮನ್ನು ಬೇಗ ಬಸ್ಸು ಹತ್ತಿಸಬೇಕಂತೆ ಎಂದೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

ಬಸ್ಸಿನಲ್ಲಿ ಅವಳಿಗೆ ಡ್ರೈವರ್ ಹಿಂದಿನ ಕಿಟಕಿ ಸೀಟು ಹಿಡಿದಿಟ್ಟಿದ್ದರು. ಇದೂ ಗುರುಪಾದಸ್ವಾಮಿಯವರ ಏರ್ಪಾಡು. ಬಾಳೆಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಎರಡೂ ಕಡೆ ಓಡುತ್ತಿದ್ದ ಚೆಂಡುಹೂವಿನ ಹೊಲಗಳನ್ನು ನೋಡದೆ ನೋಡುತ್ತ ಅಸ್ಮಾ ಯೋಚಿಸಿದಳು: ಇವತ್ತೇ ಯಾಕೆ ಈ ಉದ್ಘಾಟನೆ? ಯಾಕೆ ಎಂದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನದ ಮೀಟಿಂಗಿನಲ್ಲಿ ಕೈ ಎತ್ತಬೇಕಾದವಳಿಗೆ ಬೆಳಿಗ್ಗೆ ಕತ್ತರಿ ಕೊಟ್ಟು ಕಳಿಸಿದ್ದರು. ಮೊಂಡು ಕತ್ತರಿ ಆದರೇನು, ಗೌರವ ಗೌರವವೇ. ಹಿಂದಿನ ಸೀಟಿನ ಹೆಂಗಸೊಬ್ಬಳು ಮುಂದೆ ಬಗ್ಗಿ, ನೀವು ಕ್ಯಾಲೆಂಡರಿನವರಲ್ಲವೇ ಎಂದು ಕೇಳಿದಳು. ಹೌದು ಎಂದಳು ಅಸ್ಮಾ. ಈ ವರ್ಷ ಚಾನೆಲ್ಲಿನ ಕ್ಯಾಲೆಂಡರಿನಲ್ಲಿ ಅವಳ ಫೋಟೋ ಹಾಕಿದ್ದರು. ಅಬ್ಬಾ ಅದನ್ನು ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಎದುರಿಗೇ ನೇತುಹಾಕಿ, ಅಳತೆ ಕೊಡಲು ಬಂದವರ ಮುಖವನ್ನು ಆ ಕಡೆಗೆ ತಿರುಗಿಸಿ ನಿಲ್ಲಿಸುತ್ತಿದ್ದರು. ತೋಳಿನ ಅಳತೆಗೂ ಕ್ಯಾಲೆಂಡರಿಗೂ ಏನು ಸಂಬಂಧ ಎಂದು ಒಬ್ಬ ಗಿರಾಕಿಯೂ ಕೇಳಿರಲಿಲ್ಲ.

ಮೀಟಿಂಗಿನ ಕಥೆ ಹೀಗಿತ್ತು. ಮಂಗಳಗೌರಿ ಗುರುಪಾದಸ್ವಾಮಿಯವರ ಮೇಲೆ ದೂರು ಕೊಟ್ಟಿದ್ದಳು. ಎಲ್ಲಿಗೆ ಕೊಟ್ಟಳೋ, ಯಾವುದೋ ಕಚೇರಿಯಿಂದ ಫೋನು ಬಂದು, ಹೆಂಗಸರು ಕೆಲಸ ಮಾಡುವ ಜಾಗದಲ್ಲಿ ಇಂಥ ದೂರು ಕೇಳಲು ಒಂದು ಸಮಿತಿ ಇರಬೇಕೆಂದು ಸುಪ್ರೀಂ ಕೋರ್ಟೇ ಹೇಳಿದೆ, ನಿಮ್ಮಲ್ಲಿ ಇದೆಯಾ ಎಂದು ಕೇಳಿದರು. ಇದೆ ಎಂದು ಹೇಳಿ ಫೋನಿಟ್ಟ ಗುರುಪಾದಸ್ವಾಮಿ ಅದೇ ಸಂಜೆ ಸಮಿತಿಯನ್ನು ಹುಟ್ಟಿಸಿದರು. ಅದಕ್ಕೆ ಹೆಂಗಸೇ ಅಧ್ಯಕ್ಷೆಯಾಗಬೇಕು, ಹೆಂಗಸರೇ ಹೆಚ್ಚಿರಬೇಕು, ಒಬ್ಬರಾದರೂ ಹೊರಗಿನವರಿರಬೇಕು. ಅಧ್ಯಕ್ಷೆಯಾಗಿ ಅವರು ಉಮ್ಮತ್ತೂರಿನಲ್ಲಿದ್ದ ತಮ್ಮ ಸ್ವಂತ ಅಕ್ಕ ಯಶೋದಮ್ಮನನ್ನು ಆರಿಸಿದರು. ರಿಟೈರ್ಡ್ ಹೆಡ್‌ಮಿಸ್ಟ್ರೆಸ್ಸು. ಸ್ವಂತ ಅಕ್ಕ ಹೊರಗಿನವಳು ಹೇಗಾಗುತ್ತಾಳೆ ಸಾ ಎಂದು ಕ್ಯಾಮೆರಾದ ಪುಟ್ಟಮಾದು ತಲೆ ಕೆರೆದುಕೊಂಡು ಕೇಳಿದ್ದಕ್ಕೆ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗಲ್ಲವೇನೋ, ಅವಳ ಮನೆ ಹೆಸರೇ ಬೇರೆ ಎಂದು ಬಹಳ ನಿಜವಾದ ಆಶ್ಚರ್ಯದಿಂದ ಹೇಳಿದ್ದರು. ಅದರಲ್ಲಿ ಮೋಸವೇನೂ ಇರಲಿಲ್ಲ. ಅಕ್ಕನನ್ನು ಧಾರೆ ಎರೆದು ಕೊಟ್ಟ ದಿನವೇ ಅವಳು ಹೊರಗಿನವಳಾದಳೆಂದು ಅವರು ಮನಸಾರೆ ನಂಬಿದ್ದರು. ಎರಡನೆಯ ಸದಸ್ಯೆ ಅಸ್ಮಾ. ಸಂಚಾಲಕರು ಗುರುಪಾದಸ್ವಾಮಿ, ಯಾಕೆಂದರೆ ಕುರ್ಚಿ ಹಾಕಿಸುವವರು ಒಬ್ಬರು ಬೇಕಲ್ಲ. ಅಕ್ಕ ಬಂದು ಎರಡು ಮಾತು ಕೇಳುತ್ತಾಳೆ, ನೀನು ನಿನಗೇನೂ ತೊಂದರೆ ಆಗಿಲ್ಲ ಅಂತ ಹೇಳು, ಮುಗೀತು, ಪಾಪ ಆ ಹುಡುಗಿಗೂ ಬೇರೆ ಕಡೆ ಎಲ್ಲಾದರೂ ಕೆಲಸ ನೋಡೋಣ ಎಂದು ಅವಳಿಗೆ ವಿವರಿಸಿದ್ದರು. ಆಗ ಅಸ್ಮಾ ಹೂಂ ಎಂದಿದ್ದಳು. ಹೂಂ ಅನ್ನುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಎಲ್ಲಕ್ಕೂ ಕಾರಣ ಒಂದು ಮೈಕು. ಕಡಲೆಕಾಳಿನಷ್ಟು ತಲೆ, ಅದಕ್ಕೊಂದು ಕ್ಲಿಪ್ಪು, ಒಂದು ಉದ್ದನೆಯ ವೈರು. ಓದುವವರ ಎದೆಯ ಹತ್ತಿರ ಬಟ್ಟೆಗೆ ಸಿಕ್ಕಿಸಬೇಕು. ಇದು ಬಹಳ ಸೂಕ್ಷ್ಮದ ಸಾಮಾನಮ್ಮ, ಜಪಾನಿನದು, ತಿಳಿದವರೇ ಸಿಕ್ಕಿಸಬೇಕು ಎಂದು ಗುರುಪಾದಸ್ವಾಮಿ ಮೊದಲ ದಿನವೇ ಹೇಳಿದ್ದರು, ತಿಳಿದವರು ಅವರೊಬ್ಬರೇ ಆಗಿದ್ದರು. ಭಾನುವಾರದ ಕೃಷಿ ಮಾತುಕತೆಗೆ ಗಂಡಸರು ಬಂದಾಗ ಮಾತ್ರ ಆ ಸೂಕ್ಷ್ಮ ಸಾಮಾನು ಅದು ಹೇಗೋ ಗಟ್ಟಿಮುಟ್ಟಾಗಿಬಿಡುತ್ತಿತ್ತು. ರೈತ ಮುಖಂಡ ಚಿಕ್ಕಣ್ಣನವರ ಕೈಗೆ ಅದನ್ನು ಎಸೆದು, ಹಾಕ್ಕೊಳಿ ಎಂದು ಹೇಳಿ ಕಾಫಿ ಕುಡಿಯಲು ಹೋಗುತ್ತಿದ್ದರು. ಹುಡುಗಿಯರಿಗಾದರೆ ಮೈಕು ನಿಲ್ಲುತ್ತಿರಲಿಲ್ಲ. ಮೇಲೆ ಸಿಕ್ಕಿಸಿ, ತೆಗೆದು, ಕೆಳಗೆ ಸಿಕ್ಕಿಸಿ, ವೈರು ಸರಿಮಾಡಿ, ಮತ್ತೆ ತೆಗೆದು, ಕೊನೆಗೆ ಮೈಕಿನ ತೀರ ಹತ್ತಿರಕ್ಕೆ ಬಾಯಿ ತಂದು ‘ಹಲೋ, ಹಲೋ’ ಎಂದು ಪರೀಕ್ಷೆ ಮಾಡುತ್ತಿದ್ದರು. ಆ ಹಲೋಗೆ ಎಲೆಯಡಿಕೆಯ ವಾಸನೆ ಇರುತ್ತಿತ್ತು. ಮಗಳಿದ್ದಂಗೆ ಕಣಮ್ಮ ಎಂದು ನಡುನಡುವೆ ಹೇಳುತ್ತಿದ್ದರು. ಎದೆಯ ಮೇಲೆ ಬಗ್ಗಿ ಯಾರಿಗೋ ಹಲೋ ಹೇಳುವ ಆ ಬೋಳುತಲೆಯನ್ನು ನೋಡುತ್ತ, ಅಸ್ಮಾಳಿಗೆ ಮೊದಲ ವಾರ ಅಳುವೂ ನಗುವೂ ಒಟ್ಟಿಗೆ ಬಂದು, ಯಾವುದನ್ನು ಹೊರಗೆ ಬಿಡುವುದೆಂದು ತಿಳಿಯದೆ ಎರಡನ್ನೂ ನುಂಗಿದ್ದಳು. ಪುಟ್ಟಮಾದು ಕ್ಯಾಮೆರಾದೊಳಗೆ ಕಣ್ಣು ಹೂತು, ಟೇಪು ಓಡದಿದ್ದರೂ ಓಡ್ತಾ ಅದೆ ಸಾ, ಓಡ್ತಾ ಅದೆ ಎಂದು ಅವಸರಿಸುತ್ತಿದ್ದ. ಅವನ ಕೈಲಾದದ್ದು ಅಷ್ಟೇ.

ಎರಡನೆಯ ವಾರ ಅಸ್ಮಾ ಒಂದು ಉಪಾಯ ಕಂಡುಕೊಂಡಳು. ಅವಳ ಮನೆ ಮಂಡಿಯ ಹಿಂದಿನ ಬೀದಿ. ಪುಟ್ಟಮಾದು ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಗುರುಪಾದಸ್ವಾಮಿ ಬರುವುದರೊಳಗೆ ಮೈಕನ್ನು ತಾನೇ ಸಿಕ್ಕಿಸಿಕೊಂಡು, ಅದರ ಮೇಲೆ ದುಪಟ್ಟವನ್ನು ಪಿನ್ನು ಹಾಕಿ ಬಿಗಿದು, ಕ್ಯಾಮೆರಾದ ಮುಂದೆ ಕೂತುಬಿಟ್ಟಳು. ದರ್ಜಿಯ ಮಗಳಿಗೆ ಒಂದು ಕ್ಲಿಪ್ಪು ಸಿಕ್ಕಿಸುವುದನ್ನು ಜಪಾನಿನವರು ಬಂದು ಹೇಳಿಕೊಡಬೇಕಾಗಿರಲಿಲ್ಲ. ಗುರುಪಾದಸ್ವಾಮಿ ಬಂದರು, ಕೈ ಮುಂದೆ ಮಾಡಿದರು, ನೋಡಿದರು, ಮುಂದೆ ಮಾಡಿದ ಕೈಯಿಂದ ತಮ್ಮ ಮೀಸೆಯನ್ನೇ ತೀಡಿಕೊಂಡರು. ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ಏನನ್ನಿಸಿತೋ, ಎಲ್ಲರಿಗೂ ಕೇಳುವ ಹಾಗೆ, ನೋಡಿ, ಇದು ಡೆಡಿಕೇಶನ್ನು ಎಂದರು. ಅಂದಿನಿಂದ ಅವಳು ಬೇಗ ಬರುವ ಹುಡುಗಿ. ಬೇಗ ಬರುವವಳಿಗೆ ಚಕ್ರದ ಕುರ್ಚಿ, ಬೇಗ ಬರುವವಳಿಗೆ ಪಿಂಗಾಣಿ ಕಪ್ಪಿನಲ್ಲಿ ಟೀ, ಬೇಗ ಬರುವವಳಿಗೆ ಮುಖ್ಯಾಂಶ, ಬೇಗ ಬರುವವಳಿಗೆ ಕ್ಯಾಲೆಂಡರು. ಅವರಿಂದ ತಪ್ಪಿಸಿಕೊಂಡು ಓಡಿದ್ದಕ್ಕೆ ಅವರೇ ಬಹುಮಾನ ಕೊಡುತ್ತಿದ್ದರು. ಈ ತಮಾಷೆಯನ್ನು ಯಾರಿಗಾದರೂ ಹೇಳಬೇಕೆಂದು ಅವಳಿಗೆ ಎಷ್ಟೋ ಸಲ ಬಾಯಿ ತುರಿಸಿತ್ತು. ಹೇಳಿದರೆ ಬಹುಮಾನ ಹೋಗುತ್ತದೆ.

ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಒಂದು ಬಾಳೆಹಣ್ಣು ಸುಲಿದಳು, ತಿನ್ನಲಾಗಲಿಲ್ಲ. ಮಂಗಳಗೌರಿ ಸೇರಿದ ಹೊಸತರಲ್ಲಿ ಅವಳೂ ಹೀಗೇ ಬಾಳೆಹಣ್ಣು ತಂದು ಎಲ್ಲರಿಗೂ ಹಂಚಿದ್ದಳು. ಅಸ್ಮಕ್ಕ, ಅಸ್ಮಕ್ಕ ಎಂದು ಹಿಂದೆ ಹಿಂದೆ ತಿರುಗುತ್ತ, ನಿಮ್ಮ ಹಾಗೆ ಓದುವುದು ಹೇಗೆ ಎಂದು ಕೇಳುತ್ತಿದ್ದಳು. ಉಸಿರು ಎಲ್ಲಿ ಎಳೆದುಕೊಳ್ಳಬೇಕು, ಕಣ್ಣು ಯಾವಾಗ ಎತ್ತಬೇಕು, ಎಲ್ಲ ಹೇಳಿಕೊಟ್ಟಿದ್ದಳು ಅಸ್ಮಾ. ಮೈಕಿನದೊಂದು ಬಿಟ್ಟು. ಯಾಕೆ ಹೇಳಲಿಲ್ಲ? ಉಡಿಗಾಲದ ಬಸ್ಸು ಬರುವ ಹೊತ್ತಿಗೆ ಗುರುಪಾದಸ್ವಾಮಿ ಬಂದಾಗಿರುತ್ತಿತ್ತು. ಬೇಗ ಬಾ ಅಂದರೆ ಅವಳೇನು ಬಸ್ಸನ್ನು ಹೊತ್ತುಕೊಂಡು ಬರುತ್ತಾಳೆಯೇ, ಹೇಳಿ ಏನು ಪ್ರಯೋಜನ? ಇದು ಒಳ್ಳೆಯ ಕಾರಣವಾಗಿತ್ತು. ಎಷ್ಟು ಒಳ್ಳೆಯ ಕಾರಣವೆಂದರೆ ಅಸ್ಮಾ ದಿನಕ್ಕೊಂದು ಸಲ ಅದನ್ನು ತೆಗೆದು ಒರೆಸಿ ಇಡುತ್ತಿದ್ದಳು. ಆಮೇಲೆ ಒಂದು ಸಂಜೆ, ಹಲೋ ಎನ್ನುವ ಹೊತ್ತಿಗೆ, ಮಂಗಳಗೌರಿ ಗುರುಪಾದಸ್ವಾಮಿಯವರ ಮಣಿಕಟ್ಟು ಹಿಡಿದು, ಮೇಜಿನ ಮೇಲಿನ ಲೋಟವನ್ನು ಪಕ್ಕಕ್ಕಿಡುವ ಹಾಗೆ ಆ ಕೈಯನ್ನು ಪಕ್ಕಕ್ಕಿಟ್ಟಳು. ಕೂಗಲಿಲ್ಲ, ಏನೂ ಇಲ್ಲ. ಮಾರನೆಯ ದಿನದಿಂದ ಅವಳ ಮುಖ ಕ್ಯಾಮೆರಾಕ್ಕೆ ಹೊಂದುವುದಿಲ್ಲವೆಂದು ತೀರ್ಮಾನವಾಗಿ, ನಿಧನ ವಾರ್ತೆ ಪಾಲಿಗೆ ಬಂತು. ಕುರ್ಚಿ ರಿಪೇರಿಗೆ ಹೋಯಿತು, ನಿಂತು ಓದಬೇಕಾಯಿತು. ಟೀ ಅವಳ ತನಕ ಬರುವಷ್ಟರಲ್ಲಿ ಮುಗಿಯುತ್ತಿತ್ತು. ಅವಳು ಮೆಟ್ಟಿಲು ಹತ್ತಿ ಬಂದರೆ ಗುರುಪಾದಸ್ವಾಮಿ, ಬಂತಪ್ಪ ಸಾವಿನ ಮನೆ ಎನ್ನುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಒಂದು ದಿನ ಅಸ್ಮಾಳೂ ನಕ್ಕಳು. ಮಾತು ತಮಾಷೆಯಾಗಿತ್ತು ಎಂದಲ್ಲ. ನಗದಿದ್ದರೆ ತಾನೊಬ್ಬಳೇ ನಗದವಳಾಗುತ್ತಿದ್ದೆನಲ್ಲ ಎಂದು. ಮಂಗಳಗೌರಿ ಆ ನಗುಗಳಲ್ಲಿ ಅವಳದನ್ನೊಂದನ್ನೇ ಆರಿಸಿಕೊಂಡ ಹಾಗೆ ಅವಳ ಕಡೆ ತಿರುಗಿ ನೋಡಿದ್ದಳು. ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು ಅಸ್ಮಾ ಆ ನಗುವನ್ನು ಹೇಗಾದರೂ ವಾಪಸು ತೆಗೆದುಕೊಳ್ಳಲು ನೋಡಿದಳು.

ತೊಂದರೆ ಆಗಿಲ್ಲ ಅನ್ನುವುದು ಸುಳ್ಳೇನಲ್ಲವಲ್ಲ. ಎರಡನೆಯ ವಾರದಿಂದ ಈಚೆಗೆ ಆಗಿಲ್ಲ. ಹಾಗೆಂದು ಹೇಳಿದರೆ ಚಕ್ರದ ಕುರ್ಚಿ ಉಳಿಯುತ್ತದೆ, ಅಬ್ಬಾನ ಎದುರಿನ ಕ್ಯಾಲೆಂಡರು ಉಳಿಯುತ್ತದೆ, ಮಂಗಳಗೌರಿ ಹೋಗುತ್ತಾಳೆ. ಹೇಳದಿದ್ದರೆ ಮಂಗಳಗೌರಿ ಉಳಿಯಬಹುದು, ತಾನು ಹೋಗಬಹುದು, ಅಥವಾ ಇಬ್ಬರೂ ಹೋಗಬಹುದು. ಮೂರು ದಾರಿ, ಮೂರರಲ್ಲಿ ಒಂದು ಮಾತ್ರ ಡಾಂಬರು ಹಾಕಿದ್ದು. ಚಾಮರಾಜನಗರದಲ್ಲಿ ಇಳಿಯುವಾಗ ಬಾಳೆಹಣ್ಣಿನ ಚಿಪ್ಪನ್ನು ಸೀಟಿನ ಮೇಲೇ ಮರೆತಳು.

ಸಮಿತಿ ಸ್ಟುಡಿಯೋದಲ್ಲೇ ಸೇರಿತ್ತು. ಹಿಂದೆ ಬೆಟ್ಟಗುಡ್ಡದ ಫ್ಲೆಕ್ಸು, ಕೆಳಗಿನ ಮಂಡಿಯಿಂದ ಮೇಲೇರಿ ಬರುವ ಅರಿಶಿನದ ಘಾಟು. ಯಶೋದಮ್ಮನನ್ನು ಗೌರವಕ್ಕೆಂದು ಅಸ್ಮಾಳ ಚಕ್ರದ ಕುರ್ಚಿಯಲ್ಲೇ ಕೂರಿಸಿದ್ದರು. ಆ ನೆಲ ಸ್ವಲ್ಪ ಇಳಿಜಾರು. ಕೂತವರು ಕಾಲೂರಿ ಹಿಡಿದುಕೊಳ್ಳದಿದ್ದರೆ ಕುರ್ಚಿ ಮೆಲ್ಲನೆ ಬಾಗಿಲ ಕಡೆ ಹೊರಡುತ್ತದೆ. ಅದು ಗೊತ್ತಿಲ್ಲದ ಯಶೋದಮ್ಮ ಪ್ರತಿ ಪ್ರಶ್ನೆಗೂ ಒಂದು ಗೇಣು ದೂರ ಹೋಗಿ, ಸೆರಗು ಸರಿಮಾಡಿಕೊಂಡು, ಮತ್ತೆ ಕಾಲಿನಿಂದ ಮೀಟಿ ಹತ್ತಿರ ಬರುತ್ತಿದ್ದರು. ಸಂಜೆಯ ಉಮ್ಮತ್ತೂರಿನ ಬಸ್ಸು ಹಿಡಿಯಬೇಕು, ಬೇಗ ಮುಗಿಸಿ ಎಂದು ಮೊದಲೇ ಹೇಳಿದ್ದರು. ಅವರ ದನಿಯಲ್ಲಿ ತಂಗಾಳಿ ಏನೂ ಇರಲಿಲ್ಲ. ಬೆತ್ತ ಕೆಳಗಿಟ್ಟು ಎಷ್ಟೋ ವರ್ಷವಾದರೂ ಬೆತ್ತದ ಕೈ ಹಾಗೇ ಇತ್ತು. ಮೈಕು ಸಿಕ್ಕಿಸುವಾಗ ಕೈ ತಗಲಿದ್ದಕ್ಕೆ ಇಷ್ಟು ರಂಪವೇ, ಬಸ್ಸಿನಲ್ಲಿ ತಗಲುವುದಿಲ್ಲವೇ ಎಂದು ಅವರು ಮಂಗಳಗೌರಿಯನ್ನು ಕೇಳಿದರು. ಮಂಗಳಗೌರಿ ನಿಂತೇ ಇದ್ದಳು, ಅವಳ ಕುರ್ಚಿ ಇನ್ನೂ ರಿಪೇರಿಯಿಂದ ಬಂದಿರಲಿಲ್ಲ.

“ಮೈಕು ಸೂಕ್ಷ್ಮದ್ದು, ತಿಳ್ದೋರೇ ಸಿಕ್ಕುಸ್ಬೇಕು ಅಂದ್ರು ಟೀಚರ್, ಅದ್ಕೆ ಸುಮ್ನಿದ್ದೆ. ಆದ್ರೆ ಮೈಕು ಸಿಕ್ಕ್ಬುಟ್ಟದ, ಕೈ ಮಾತ್ರ ಅಲ್ಲಿಂದ ಓಗಲ್ಲ.”

ಗುರುಪಾದಸ್ವಾಮಿ ನೊಂದ ಮುಖ ಮಾಡಿಕೊಂಡರು. ನಟನೆಯಲ್ಲ, ನಿಜವಾಗಿಯೂ ನೊಂದಿದ್ದರು. ಈ ಮಕ್ಕಳೆಲ್ಲ ನನಗೆ ಅಕ್ಕತಂಗೀರಿದ್ದ ಹಾಗೆ, ಬೇಕಾದರೆ ಅಸ್ಮಾನ ಕೇಳು ಎಂದರು ಅಕ್ಕನಿಗೆ. ಯಶೋದಮ್ಮ ಕುರ್ಚಿಯನ್ನು ಮೀಟಿ ಅಸ್ಮಾಳ ಕಡೆ ಬಂದರು. ಅಸ್ಮಾ ಎದ್ದು ನಿಂತಳು. ಸದಸ್ಯೆ ಎದ್ದು ನಿಲ್ಲಬೇಕಾಗಿಲ್ಲ ಎಂಬುದು ಎದ್ದ ಮೇಲೆ ಹೊಳೆಯಿತು. ನನಗೆ ಯಾವ ತೊಂದರೆಯೂ ಆಗಿಲ್ಲ ಮೇಡಂ ಎಂದಳು. ವಾರ್ತೆಯ ದನಿಯಲ್ಲೇ ಬಂತು ಅದು, ಯಾವ ದಿನದ್ದೆಂದು ಹೇಳದ ವಾರ್ತೆ. ಪುಟ್ಟಮಾದು ಕ್ಯಾಮೆರಾದ ಕಾಲಿನ ಸ್ಕ್ರೂ ಬಿಗಿಮಾಡಲು ನೆಲಕ್ಕೆ ಬಗ್ಗಿದ. ಮಂಗಳಗೌರಿ ಸಿಟ್ಟಾಗಲಿಲ್ಲ. ಇಷ್ಟೇ ಎಂದು ಮೊದಲೇ ಗೊತ್ತಿದ್ದವಳ ಹಾಗೆ ಒಂದು ಸಲ ತಲೆಯಾಡಿಸಿದಳು, ಅಷ್ಟೆ. ಆ ತಲೆಯಾಡಿಸಿದ್ದು ಅಸ್ಮಾಳಿಗೆ ಕಪಾಳಕ್ಕೆ ಬಿಟ್ಟ ಹಾಗಾಯಿತು.

ಅಲ್ಲಿಗೆ ಬಿಟ್ಟಿದ್ದರೆ ಗುರುಪಾದಸ್ವಾಮಿ ಗೆದ್ದಿದ್ದರು. ಆದರೆ ಖುಷಿಯಾದಾಗ ಅವರಿಗೆ ಬಾಯಿ ನಿಲ್ಲುವುದಿಲ್ಲ. ನೋಡಿದೆಯಾ ಅಕ್ಕ, ದಿನಾ ಎಲ್ಲರಿಗಿಂತ ಮೊದಲು ಬರುತ್ತಾಳೆ, ಬಾಗಿಲು ತೆಗೆಯುವುದಕ್ಕೂ ಮೊದಲು, ಸಂಸ್ಥೆಯ ಮೇಲೆ ಅಷ್ಟು ಪ್ರೀತಿ ಎಂದು ಶುರುಮಾಡಿದರು. ಬ್ಯಾಗಿನ ಜಿಪ್ಪು ಎಳೆದುಕೊಳ್ಳುತ್ತಿದ್ದ ಯಶೋದಮ್ಮನ ಕೈ ನಿಂತಿತು. ಅಷ್ಟು ವರ್ಷ ಮೇಷ್ಟರಿಕೆ ಮಾಡಿದವರು ಅವರು. ಶಾಲೆಯ ಮೇಲಿನ ಪ್ರೀತಿಯಿಂದ ಬೇಗ ಬಂದ ಒಂದು ಮಗುವನ್ನೂ ಕಂಡಿರಲಿಲ್ಲ. ಬೇಗ ಬರುವ ಮಕ್ಕಳು ಒಂದೋ ಪಕ್ಕದವರ ಲೆಕ್ಕ ನೋಡಿ ಬರೆಯಲು ಬರುತ್ತವೆ, ಇಲ್ಲವೇ ದಾರಿಯಲ್ಲಿ ಯಾರಿಂದಲೋ ತಪ್ಪಿಸಿಕೊಳ್ಳಲು ಬರುತ್ತವೆ.

“ಯಾಕಮ್ಮ ಅಷ್ಟು ಬೇಗ ಬರ್ತೀಯ?” ಎಂದರು ಅವರು. ಈ ಸಲ ಕುರ್ಚಿ ಜಾರದ ಹಾಗೆ ಕಾಲನ್ನು ಭದ್ರವಾಗಿ ಊರಿದ್ದರು.

ಇದಕ್ಕೆ ಯಾರೂ ಉತ್ತರ ಹೇಳಿಕೊಟ್ಟಿರಲಿಲ್ಲ. ಅಸ್ಮಾ ಬಾಯಿ ತೆರೆದಾಗ ಅವಳಿಗೆ ಕ್ಯಾಲೆಂಡರಿನ ಮುಂದೆ ತೋಳು ಚಾಚಿ ನಿಂತ ಗಿರಾಕಿಯೊಬ್ಬ ನೆನಪಾದ, ಮೊಂಡು ಕತ್ತರಿಯಲ್ಲಿ ಮಲಗಿದ ರಿಬ್ಬನ್ನು ನೆನಪಾಯಿತು, ಅವ್ಯಾವುವೂ ಸಹಾಯಕ್ಕೆ ಬರಲಿಲ್ಲ.

“ಸಾರ್ ಬರೋದ್ರೊಳಗೆ ಮೈಕು ನಾನೇ ಸಿಕ್ಕಿಸ್ಕೊಂಡುಬಿಡೋಣ ಅಂತ ಮೇಡಂ. ಮೊದಲು ನನಗೂ ಅವರೇ ಸಿಕ್ಕಿಸ್ತಿದ್ರು. ನನಗೂ ಆ ಕೈ ಅಲ್ಲಿಂದ ಹೋಗ್ತಿರಲಿಲ್ಲ.”

ಹೇಳಿದ ಮೇಲೆ ಮಹಡಿ ಕುಸಿಯಲಿಲ್ಲ. ಕೆಳಗೆ ಯಾರೋ ಮೂಟೆ ಇಳಿಸಿದ ಸದ್ದಾಯಿತು. ಗುರುಪಾದಸ್ವಾಮಿ ನಕ್ಕರು, ನಗು ಅರ್ಧಕ್ಕೆ ಒಣಗಿತು. ಒಂದು ಮೈಕು ಸಿಕ್ಕಿಸುವುದಕ್ಕೆ ಏನೇನೋ ಬಣ್ಣ ಕಟ್ಟುತ್ತಾರಲ್ಲ, ನನಗೆ ಅಕ್ಕತಂಗಿ ಬೇರೆಯಲ್ಲ, ಇವರು ಬೇರೆಯಲ್ಲ ಎಂದರು. ಅಸ್ಮಾಳಿಗೆ ಇದ್ದಕ್ಕಿದ್ದ ಹಾಗೆ ಹಗುರವಾಗಿತ್ತು. ಮೇಜಿನ ಮೇಲಿದ್ದ ಮೈಕನ್ನು ತೆಗೆದು, ಬಹಳ ಮರ್ಯಾದೆಯಿಂದ ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದಳು.

“ಹಾಗಾದರೆ ಅಕ್ಕಾವ್ರಿಗೇ ಒಂದ್ಸಲ ಸಿಕ್ಕಿಸಿ ತೋರಿಸಿ ಸಾರ್.”

ಗುರುಪಾದಸ್ವಾಮಿ ಮೈಕು ತೆಗೆದುಕೊಂಡರು. ಅದರಲ್ಲೇನಿದೆ ಎನ್ನುವ ಹಾಗೆ ಎರಡು ಹೆಜ್ಜೆ ಮುಂದೆ ಬಂದರು. ಯಶೋದಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು, ತಮ್ಮನ ಮುಖವನ್ನೇ ನೋಡುತ್ತ ಕಾದರು. ಸೆರಗಿನ ಹತ್ತಿರ ಬಂದ ಕೈ ಒಂದು ಗೇಣು ಈಚೆಗೇ ನಿಂತಿತು. ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ದಿನಾ ಅದೇ ಕೆಲಸ ಮಾಡಿ ಪಳಗಿದ ಬೆರಳಿಗೆ ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು ಎಂಬುದು ಅಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಹೊರಗಿನವಳು ಎಂದು ಅವರೇ ಆರಿಸಿ ಕರೆತಂದಿದ್ದ ಹೆಂಗಸು ಆ ಕೈಯನ್ನು ನೋಡಿದಳು, ತಮ್ಮನ ಬೆವರಿದ ಹಣೆಯನ್ನು ನೋಡಿದಳು, ಕೊನೆಗೆ ಮೈಕನ್ನು ಅವನ ಬೆರಳಿನಿಂದ ಕಿತ್ತುಕೊಂಡು, ಬಟ್ಟೆ ಒಣಹಾಕಿ ಕ್ಲಿಪ್ಪು ಸಿಕ್ಕಿಸುವ ಹಾಗೆ ತನ್ನ ಸೆರಗಿಗೆ ತಾನೇ ಸಿಕ್ಕಿಸಿಕೊಂಡಳು.

“ಇಷ್ಟೇನೇನೋ ಗುರುಪಾದ?” ಎಂದರು ಯಶೋದಮ್ಮ. “ಇಷ್ಟಕ್ಕೆ ನಿನ್ನ ಕೈ ಬೇಕಿತ್ತಾ?”

ಹೆಡ್‌ಫೋನು ಹಾಕಿಕೊಂಡಿದ್ದ ಪುಟ್ಟಮಾದು ಯಾರೂ ಕೇಳದಿದ್ದರೂ, ವಾಯ್ಸು ಚೆನ್ನಾಗಿ ಬತ್ತಾ ಅದೆ ಮೇಡಂ ಎಂದ. ಯಶೋದಮ್ಮ ನಗಲಿಲ್ಲ. ನಾಳೆಯಿಂದ ಸಂಜೆ ಹೊತ್ತು ನೀನು ಮಂಡಿ ಬಿಟ್ಟು ಮೇಲೆ ಹತ್ತಕೂಡದು, ಹತ್ತಿದರೆ ಆ ಕಚೇರಿಯವರಿಗೆ ನಾನೇ ಫೋನ್ ಮಾಡುತ್ತೇನೆ ಎಂದು ತಮ್ಮನಿಗೆ ಹೇಳಿದರು. ಹಾಗೆ ಹೇಳಿದ ಮಾತು ಎಷ್ಟು ದಿನ ನಿಲ್ಲುತ್ತದೋ ಯಾರಿಗೆ ಗೊತ್ತು; ಆದರೆ ಆ ಹೊತ್ತಿಗೆ ಗುರುಪಾದಸ್ವಾಮಿ ಮೆಟ್ಟಿಲು ಇಳಿದುಹೋದರು, ಬೈಸಿಕೊಂಡ ಹುಡುಗನ ಹಾಗೆ ಗೋಡೆ ಹಿಡಿದುಕೊಂಡು. ಯಶೋದಮ್ಮ ಮೈಕು ಬಿಚ್ಚಿ ಮಂಗಳಗೌರಿಯ ಕೈಗಿಟ್ಟು, ಇವತ್ತು ನೀನು ಕೂತು ಮುಖ್ಯಾಂಶ ಓದು, ನನಗೆ ಬಸ್ಸಿಗೆ ಹೊತ್ತಾಯಿತು ಎಂದು ಬ್ಯಾಗು ತೆಗೆದುಕೊಂಡು ಹೊರಟರು.

ಅಸ್ಮಾಳ ಎದೆ ಉಬ್ಬಿಹೋಗಿತ್ತು. ಮುಖ್ಯಾಂಶ ಹೋಯಿತು ಎಂಬುದು ಗೊತ್ತಾಗಿ ಒಂದು ಕಡೆ ಚುರುಕ್ಕೆಂದರೂ, ತಾನು ಮಾಡಿದ್ದೇನು ಸಣ್ಣ ಕೆಲಸವೇ? ಈಗ ಮಂಗಳಗೌರಿ ಕೈ ಹಿಡಿದುಕೊಳ್ಳುತ್ತಾಳೆ, ಕಣ್ಣು ಒರೆಸಿಕೊಳ್ಳುತ್ತಾಳೆ, ಆಗ ತಾನು ಏನಂತ ಹೇಳಬೇಕು ಎಂಬುದನ್ನೂ ಯೋಚಿಸಿಟ್ಟುಕೊಂಡಳು. ಅದೆಲ್ಲ ಏನು ದೊಡ್ಡದು ಬಿಡಮ್ಮ, ಎನ್ನಬೇಕು. ಮಂಗಳಗೌರಿ ಚಕ್ರದ ಕುರ್ಚಿಯಲ್ಲಿ ಕೂತು, ಅಂಗೈಯಲ್ಲಿದ್ದ ಮೈಕನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು. ಕ್ಲಿಪ್ಪನ್ನು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು.

“ಅಸ್ಮಕ್ಕ, ಇದ ನಾವೇ ಸಿಕ್ಕುಸ್ಕೋಬೋದು ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ?”

ಉಡಿಗಾಲದ ಬಸ್ಸು ಎಂದು ಅಸ್ಮಾಳ ನಾಲಗೆಯ ತುದಿಗೆ ಬಂತು. ಅಷ್ಟು ದಿನ ಒರೆಸಿ ಇಟ್ಟಿದ್ದ ಕಾರಣ. ಹೊರಗೆ ತೆಗೆದು ನೋಡಿದರೆ ಅದರಲ್ಲಿ ಏನೂ ಇರಲಿಲ್ಲ. ಬೇಗ ಬರಬೇಕಾಗಿಯೇ ಇರಲಿಲ್ಲ. ಎಷ್ಟು ಹೊತ್ತಿಗೆ ಬಂದರೂ, ಕೊಡಿ ಸಾರ್, ನಾನೇ ಸಿಕ್ಕಿಸಿಕೊಳ್ಳುತ್ತೇನೆ ಎಂದರೆ ಸಾಕಾಗಿತ್ತು. ಒಂದು ಮಾತು. ಆ ಒಂದು ಮಾತು ಈ ಹುಡುಗಿಗೆ ಹೇಳಿಕೊಟ್ಟಿದ್ದರೆ, ಬೇಗ ಬರುವವಳಿಗೆ ಬೆಲೆ ಎಲ್ಲಿ ಉಳಿಯುತ್ತಿತ್ತು?

ಗೊತ್ತಿತ್ತು, ಎಂದಳು ಅಸ್ಮಾ.

ಪುಟ್ಟಮಾದು ಫ್ಯಾನು ಆರಿಸಿ ಲೈಟು ಹಾಕಿದ. ಮಂಗಳಗೌರಿ ಮೈಕನ್ನು ಸೀರೆಗೆ ಸಿಕ್ಕಿಸಿಕೊಂಡಳು. ತಲೆಕೆಳಗಾಗಿ ಕೂತಿತು, ವೈರು ತಿರುಚಿಕೊಂಡಿತು. ಸರಿಮಾಡಲೆಂದು ಅಸ್ಮಾಳ ಕೈ ತಾನಾಗಿ ಮುಂದೆ ಹೋಯಿತು. ಅರ್ಧ ದಾರಿಯಲ್ಲಿ ಅದನ್ನು ಹಿಡಿದು ನಿಲ್ಲಿಸಿಕೊಂಡು, ಸಿಕ್ಕಿಸಲಾ ಎಂದು ಕೇಳಿದಳು.

“ಬ್ಯಾಡಿ ಅಕ್ಕ,” ಎಂದಳು ಮಂಗಳಗೌರಿ. “ನಾನೇ ಸಿಕ್ಕುಸ್ಕತೀನಿ.”